ಬಳೆ ಇಟ್ಟು ಬರೆದ ಅಕ್ಷರ

ನಾಲ್ಕು ವರ್ಷ ಕೂತು ನಾನು ಮಾಡಿದ ಕನ್ನಡ ಫಾಂಟಿಗೆ ವಿಜಯಪುರದ ಜನ ಇಟ್ಟಿರುವ ಹೆಸರು 'ಸತ್ತವರ ಅಕ್ಷರ'. ಯಾರು ಇಟ್ಟರೆಂದು ಗೊತ್ತಾಗಿದ್ದರೆ ಅವರ ಮನೆ ಬಾಗಿಲಿಗೇ ಹೋಗಿ ಜಗಳ ತೆಗೆಯುತ್ತಿದ್ದೆ. ಒಬ್ಬರು ಇಟ್ಟದ್ದಲ್ಲ, ಊರೇ ಇಟ್ಟದ್ದು. ಗಡಿಗೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾದೀತೇ? ಅಥಣಿ ರಸ್ತೆಯ ನನ್ನ ಫ್ಲೆಕ್ಸ್ ಅಂಗಡಿಗೆ ಬಂದವರು ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಮುಖ ಸಣ್ಣ ಮಾಡಿಕೊಂಡು, ಫೋನಿನಲ್ಲಿ ಒಂದು ಫೋಟೊ ತೋರಿಸುತ್ತಾರೆ.

"ಅಕ್ಕಾರ, ನಮ್ಮ ಕಾಕಾ ಹೋಗ್ಯಾರ್ರಿ. ಆ ಅಕ್ಷರ ಹಾಕ್ರಿ. ಅದರಿ, ಸತ್ತವರದು."

ಸಾವಿನ ಮನೆಯವರ ಮೇಲೆ ಹೇಗೆ ಸಿಟ್ಟು ಮಾಡಲಿ? "ಆತ್ರಿ, ಕುಂದರ್ರಿ" ಎಂದು ಮಾಡಿ ಕೊಡುತ್ತೇನೆ. ಅದೇ ಮದುವೆಗೋ ಹುಟ್ಟುಹಬ್ಬಕ್ಕೋ ಬಂದವರು ಆ ಅಕ್ಷರ ಪರದೆಯ ಮೇಲೆ ಕಂಡರೆ ಸಾಕು, ಕೈ ಅಡ್ಡ ಹಿಡಿಯುತ್ತಾರೆ. "ಬ್ಯಾಡ್ರಿ, ಬ್ಯಾಡ್ರಿ, ಶುಭ ಕಾರ್ಯಕ್ಕ ಇದು ಬ್ಯಾಡ್ರಿ." ಅವರಿಗೆ ಬೇಕಾದದ್ದು ಉಬ್ಬಿದ ಅಕ್ಷರ, ಬಂಗಾರದ ಬಣ್ಣ, ಕೆಳಗೆ ನೆರಳು, ಹಿಂದೆ ಹುಟ್ಟುವ ಸೂರ್ಯ, ಸೂರ್ಯನ ಪಕ್ಕದಲ್ಲಿ ಗುಮ್ಮಟ. ಅಷ್ಟೆಲ್ಲ ಹಚ್ಚಿದ ಮೇಲೆ ಹುಡುಗನ ಹೆಸರು ಓದಲು ಬರುತ್ತದೋ ಇಲ್ಲವೋ ಯಾರೂ ನೋಡುವುದಿಲ್ಲ. ನಾನೊಬ್ಬಳು ನೋಡುತ್ತೇನೆ, ಹಲ್ಲು ಕಚ್ಚುತ್ತೇನೆ, ಪ್ರಿಂಟ್ ಕೊಡುತ್ತೇನೆ.

ಅಕ್ಷರ ಎಂಥದು ಎಂದು ಹೇಳದೆ ನನ್ನ ಸಿಟ್ಟು ನಿಮಗೆ ತಿಳಿಯುವುದಿಲ್ಲ. ಅದರಲ್ಲಿ ಇರುವುದು ಎರಡೇ: ದುಂಡು ಮತ್ತು ನೆಟ್ಟನೆಯ ಗೆರೆ. ಗೆರೆ ಎಲ್ಲ ಕಡೆಗೂ ಒಂದೇ ದಪ್ಪ. ಬಾಲವಿಲ್ಲ, ಕೊಕ್ಕೆಯಿಲ್ಲ, ಒಂದು ಕಡೆ ಉಬ್ಬಿ ಇನ್ನೊಂದು ಕಡೆ ಸವೆದು ಹೋಗುವುದಿಲ್ಲ. ಇಂಗ್ಲಿಷಿನಲ್ಲಿ ಅಂಥವು ಬೇಕಾದಷ್ಟಿವೆ, ಬ್ಯಾಂಕು, ಆಸ್ಪತ್ರೆ, ಮೊಬೈಲು ಎಲ್ಲದರ ಮೇಲೂ ಅವೇ. ಕನ್ನಡದ ಅಕ್ಷರ ಹುಟ್ಟಿದ್ದೇ ದುಂಡಗೆ, ಅದಕ್ಕೆ ಈ ವೇಷ ಇನ್ನೂ ಚೆಂದ ಒಪ್ಪುತ್ತದೆ ಎಂದು ನನ್ನ ನಂಬಿಕೆ. ಊರಿನವರ ನಂಬಿಕೆ ಒಂದೇ ಮಾತಿನದು: "ಬೋಳ ಕಾಣತಾವ್ರಿ."

ದುಂಡು ನನಗೆ ಕಂಪ್ಯೂಟರ್ ಕಲಿಸಿದ್ದಲ್ಲ. ನಮ್ಮಪ್ಪ ಬ್ರಷ್ಷಿನ ಕಾಲದ ಪೇಂಟರ್. ವಿಜಯಪುರದಿಂದ ಬಬಲೇಶ್ವರದವರೆಗೆ ಕಿರಾಣಿ ಅಂಗಡಿಯ ಬೋರ್ಡು, ಶಾಲೆಯ ಗೋಡೆ, ಟ್ರ್ಯಾಕ್ಟರಿನ ಟ್ರೇಲರು, ಹಿಟ್ಟಿನ ಗಿರಣಿ, ಯಾವುದನ್ನೂ ಅವನು ಬಿಟ್ಟಿರಲಿಲ್ಲ. ಅವನ ಹತ್ತಿರ ಕಂಪಾಸು ಇರಲಿಲ್ಲ, ಬಳೆ ಇದ್ದವು. ಹಿತ್ತಾಳೆಯವು, ಬಳೆಗಾರರ ಅಳತೆಯಲ್ಲಿ ಎರಡು-ನಾಲ್ಕು, ಎರಡು-ಆರು, ಎರಡು-ಎಂಟು. ಅವ್ವನ ಕೈಗೆಂದು ತಂದವು ಮನೆಯ ಗೋಡೆಗೆ ಅಪ್ಪ ಹೊಡೆದ ಮೊಳೆಗೆ ಹೋದವು. ದಾರಕ್ಕೆ ಸುಣ್ಣದ ಪುಡಿ ಹಚ್ಚಿ ಗೋಡೆಯ ಮೇಲೆ ಗೆರೆ ಹೊಡೆದು, ಗೆರೆಗೆ ತಾಗಿಸಿ ಬಳೆ ಇಟ್ಟು, ಸುತ್ತಲೂ ಪೆನ್ಸಿಲ್ ಆಡಿಸುತ್ತಿದ್ದ. ಬಳೆ ಜಾರದಂತೆ ಹಿಡಿಯುವುದು ನನ್ನ ಕೆಲಸ. ಠ ಬರೆಯಲು ಒಂದು ಬಳೆ, ನಡುವೆ ಒಂದು ಬೊಟ್ಟು. ನಾನು ಮೊದಲು ಕಲಿತ ಅಕ್ಷರ ಅ ಅಲ್ಲ, ಠ.

ಆ ಮೊಳೆಯಲ್ಲಿ ಇನ್ನೊಂದು ಬಳೆಯೂ ಇತ್ತು, ಬಹಳ ಸಣ್ಣದು. ನಾನು ಕೂಸಿದ್ದಾಗ ನನ್ನ ಕೈಗೆ ಹಾಕಿದ್ದು. ಅಪ್ಪ ಅದನ್ನು ಒತ್ತಕ್ಷರಕ್ಕೆಂದು ಇಟ್ಟುಕೊಂಡಿದ್ದ. ದೊಡ್ಡ ಅಕ್ಷರಕ್ಕೆ ಅವ್ವನ ಬಳೆ, ಕೆಳಗಿನ ಒತ್ತಿಗೆ ನನ್ನ ಬಳೆ. ಆಗ ನನಗೆ ಅದೊಂದು ದೊಡ್ಡ ಮರ್ಯಾದೆಯಾಗಿ ಕಾಣುತ್ತಿತ್ತು.

ಫ್ಲೆಕ್ಸ್ ಬಂದ ಮೇಲೆ ಬ್ರಷ್ಷು ಒಣಗಿದವು. ನಾನು ಕಂಪ್ಯೂಟರ್ ಕಲಿತು ಇದೇ ರಸ್ತೆಯಲ್ಲಿ ಅಂಗಡಿ ಹಾಕಿದೆ. ಅಪ್ಪ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದ. ಬಳೆಗಳನ್ನು ತಂದು ಅಂಗಡಿಯ ಗೋಡೆಗೂ ಒಂದು ಮೊಳೆ ಹೊಡೆದು ತೂಗು ಹಾಕಿದ. ಬಂದವರು, "ಇವು ಯಾಕರಿ ಇಲ್ಲಿ?" ಎಂದರೆ, "ನನ್ನ ಹತ್ಯಾರ ಅವು" ಎನ್ನುತ್ತಿದ್ದ.

ಒಂದು ದಿನ ಅಪ್ಪ ಕಾಖಂಡಕಿಯ ಬೀಗರ ಮನೆಗೆಂದು ಹೊರಟ. ಎರಡು ತಾಸಾದ ಮೇಲೆ ಫೋನು ಬಂತು. "ನಾ ಟಿಕೋಟಾದಾಗ ಅದೀನಿ, ಬಂದು ಕರಕೊಂಡ ಹೋಗು." ಕಾಖಂಡಕಿ ಒಂದು ದಿಕ್ಕು, ಟಿಕೋಟಾ ಇನ್ನೊಂದು ದಿಕ್ಕು. ಸ್ಕೂಟರ್ ತೆಗೆದುಕೊಂಡು ಹೋದೆ. ಬಸ್ ನಿಲ್ದಾಣದ ಕಟ್ಟೆಯ ಮೇಲೆ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಕಣ್ಣು ಮಂಜಾಗಿದ್ದು ನಮಗೆ ಗೊತ್ತಿತ್ತು, ಬಸ್ಸಿನ ಬೋರ್ಡು ಕಾಣದಷ್ಟು ಮಂಜಾಗಿದ್ದು ಗೊತ್ತಿರಲಿಲ್ಲ.

"ಯಾರನ್ನರ ಕೇಳಬೇಕಿಲ್ಲೋ?" ಎಂದು ರೇಗಿದೆ.

"ಜೀವನ ಪೂರಾ ಬೋರ್ಡ್ ಬರದಾವ, ಬೋರ್ಡಿನಾಗ ಏನ್ ಬರದೈತ್ರಿ ಅಂತ ಮಂದೀನ ಕೇಳಲ್ಯಾ?" ಎಂದ. ಚಹಾ ಕುಡಿಯುವಾಗ ಸುತ್ತಲಿನ ಅಂಗಡಿಗಳ ಕಡೆ ಮುಖ ತಿರುಗಿಸಿ ನೋಡಿದ. "ನಾ ಬರದ ಊರಾಗ ನನಗ ಓದಾಕ ಬರವಲ್ದು ನೋಡ ತಂಗಿ. ನನ್ನಂಥಾ ಕಣ್ಣಿಗೂ ಕಾಣೂವಂಥಾ ಒಂದು ಅಕ್ಷರ ಮಾಡು. ಕಂಪ್ಯೂಟರ್ ಕಲತೀಯಲ್ಲ, ಅಷ್ಟಾದ್ರೂ ಮಾಡು."

ಅವತ್ತು ಹಿಡಿದ ಕೆಲಸ ಅದು. ಕೆಲಸ ಕಡಿಮೆಯಿರುವ ಮಧ್ಯಾಹ್ನಗಳಲ್ಲಿ ಕೂರುತ್ತಿದ್ದೆ. ಮೊದಲ ದಿನ ಎರಡು-ಆರು ಬಳೆಯನ್ನು ಸ್ಕ್ಯಾನರಿನ ಮೇಲಿಟ್ಟು ಮುಚ್ಚಳ ಹಾಕಿದೆ. ಪರದೆಯ ಮೇಲೆ ಬಂದ ದುಂಡನ್ನೇ ಕತ್ತರಿಸಿ ರ, ಗ, ಲ, ನ ಮಾಡಿದೆ. ಒಂದರ ಪಕ್ಕ ಒಂದು ಇಟ್ಟರೆ ಎಲ್ಲ ಕುಂಟ. ದುಂಡನೆಯ ಅಕ್ಷರ ನೆಟ್ಟನೆಯದರ ಪಕ್ಕದಲ್ಲಿ ಕುಗ್ಗಿ ಕಾಣುತ್ತಿತ್ತು, ಅಳತೆ ಹಿಡಿದರೆ ಎರಡೂ ಸರಿಸಮ. ಅಪ್ಪ ನಕ್ಕ. "ಕಣ್ಣು ನಮಗ ಮೋಸ ಮಾಡತೈತಿ. ನಾವೂ ಅದಕ್ಕ ಮೋಸ ಮಾಡಬೇಕು. ದುಂಡಂದು ಗೆರಿ ದಾಟಿ ಒಂದ ಕೂದಲಷ್ಟ ಹೊರಗ ಹೋಗಲಿ." ಒಂದು ಕೂದಲು ಹೊರಗೆ ಬಿಟ್ಟೆ, ಸಾಲು ನೆಟ್ಟಗಾಯಿತು. ಎರಡು ಗೆರೆ ಕೂಡುವ ಕಡೆ ಮಸಿ ಹೆಪ್ಪುಗಟ್ಟಿದಂತೆ ಕಾಣುತ್ತಿತ್ತು, ಅಲ್ಲಿ ಒಳಗಿನಿಂದ ಸ್ವಲ್ಪ ಕೆರೆದೆ. ಕಂಪಾಸಿನಂತೆ ಕಾಣುವ ಅಕ್ಷರದಲ್ಲಿ ಕಂಪಾಸಿಗೆ ಸರಿಯಾಗಿ ನಿಲ್ಲುವ ಗೆರೆ ಒಂದೂ ಇಲ್ಲ ಎಂಬುದು ನನಗೆ ಆಮೇಲೆ ತಿಳಿಯಿತು.

ಪರೀಕ್ಷೆ ನಡೆಯುತ್ತಿದ್ದದ್ದು ರಸ್ತೆಯ ಮೇಲೆ. ನನ್ನ ಅಂಗಡಿಯ ಎದುರಿಗೆ, ರಸ್ತೆ ದಾಟಿದರೆ, ಒಂದು ಚಹಾದ ಅಂಗಡಿ. ಅಪ್ಪ ಅಲ್ಲಿ ಹೋಗಿ ಕೂರುತ್ತಿದ್ದ. ನಾನು ಒಂದೊಂದೇ ಅಕ್ಷರ ದೊಡ್ಡದಾಗಿ ಪ್ರಿಂಟ್ ತೆಗೆದು ಬಾಗಿಲಲ್ಲಿ ಎತ್ತಿ ಹಿಡಿಯುತ್ತಿದ್ದೆ. ನಡುವೆ ಲಾರಿ, ಟಂಟಂ, ಬಸ್ಸು. ಅವು ದಾಟಿ ಹೋದ ಮೇಲೆ ಅಪ್ಪ ಅಲ್ಲಿಂದ ಕೂಗುತ್ತಿದ್ದ, "ಯ!" ನಾನು ಹಿಡಿದದ್ದು ಮ ಆಗಿರುತ್ತಿತ್ತು. ಅಂಗಡಿಯೊಳಗೆ ಹೋಗಿ ಮ ಅಕ್ಷರದ ಒಳಗಿನ ಸಂದು ಅಗಲ ಮಾಡುತ್ತಿದ್ದೆ. ಭ ಎಂಬುದು ಬ ಆಗಿ ಕಂಡರೆ ಕೆಳಗಿನ ಸೀಳು ದೊಡ್ಡದು ಮಾಡುತ್ತಿದ್ದೆ. ರಸ್ತೆಯಲ್ಲಿ ಹೋಗುವವರು ತಂದೆ-ಮಗಳಿಗೆ ತಲೆ ಕೆಟ್ಟಿದೆ ಅಂದುಕೊಂಡಿರಬೇಕು.

ಜಗಳ ಬಿದ್ದದ್ದು ಒತ್ತಕ್ಷರದಲ್ಲಿ. ಕನ್ನಡಕ್ಕೆ ಫಾಂಟ್ ಮಾಡುವವರ ಜೀವ ತಿನ್ನುವುದೇ ಅದು. ಮೇಲಿನ ಸಾಲು ಎಷ್ಟು ಚೆಂದ ಮಾಡಿದರೂ ಕೆಳಗೆ ಒತ್ತು ಜೋತು ಬಿದ್ದು ಮುಂದಿನ ಸಾಲಿನ ತಲೆಕಟ್ಟಿಗೆ ಹೋಗಿ ಬಡಿಯುತ್ತದೆ. ನಾನು ಒತ್ತುಗಳನ್ನು ಉಂಗುರದಷ್ಟು ಸಣ್ಣ ಮಾಡಿ ಮೇಲಕ್ಕೆ ಅಂಟಿಸಿದೆ. ಸಾಲು ಸಾಲಾಗಿ ನೋಡಿದರೆ ಗೆರೆ ಕೊಯ್ದಂತೆ ಅಚ್ಚುಕಟ್ಟು. ನನಗೆ ಅದರದೇ ಹೆಮ್ಮೆ. ಅಪ್ಪ ಹಾಳೆಯನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ತಲೆ ಅಲ್ಲಾಡಿಸಿದ.

"ಒತ್ತು ಅಂದ್ರ ಮನ್ಯಾಗಿನ ಸಣ್ಣ ಹುಡುಗರಿದ್ದಂಗ. ಅವಕ್ಕೂ ಜಾಗಾ ಕೊಡಬೇಕು, ಇಲ್ಲಂದ್ರ ಕಾಲಾಗ ಬರತಾವ. ಸಣ್ಣ ಬಳಿ ಇಟ್ಟು ಮಾಡು."

"ಸಣ್ಣ ಬಳಿ ಇಟ್ರ ಸಾಲ ಕೆಡತದಪಾ."

"ಸಾಲ ಕೆಡಲಿ, ಕಾಣಬೇಕೋ ಬ್ಯಾಡೋ?"

ನನಗೆ ರೇಗಿತು. ಮೂರು ವರ್ಷದ ಕೆಲಸ ತಲೆಕೆಳಗಾಗುತ್ತಿತ್ತು. "ಇದು ಗ್ವಾಡಿ ಮ್ಯಾಲ ಬರಿಯೂದಲ್ಲ. ನಿನಗ ತಿಳಿಯೂದಿಲ್ಲ, ಸುಮ್ಮ ಕುಂದರು" ಎಂದೆ. ಅಪ್ಪ ಹಾಳೆಯನ್ನು ಮೇಜಿನ ಮೇಲಿಟ್ಟ. ಮರುದಿನದಿಂದ ಚಹಾದ ಅಂಗಡಿಗೆ ಹೋಗಿ ಕೂರುವುದನ್ನು ಬಿಟ್ಟ. ಮಾಡಿದ ಒತ್ತುಗಳನ್ನು ಯಾರಿಂದಲೂ ಓದಿಸದೆ ನಾನು ಫಾಂಟ್ ಮುಗಿಸಿದೆ. ಕಡತಕ್ಕೆ 'ಬಳೆ' ಎಂದು ಹೆಸರಿಟ್ಟೆ.

ಮುಗಿದು ತಿಂಗಳಾಗಿರಲಿಲ್ಲ, ಅಪ್ಪ ಹೋದ. ಎದೆ ನೋವೆಂದ, ಆಸ್ಪತ್ರೆಗೆ ಕರೆದೊಯ್ಯುವಷ್ಟರಲ್ಲಿ ಮುಗಿದಿತ್ತು. ಮಣ್ಣು ಮುಗಿಸಿ ಬಂದ ಮರುದಿನ ಮನೆಯವರು, "ಫ್ಲೆಕ್ಸ್ ಮಾಡವ್ವಾ, ನಿನ್ನ ಕೈಯಾಗಿನ ಕೆಲಸ" ಎಂದರು. ಅಂಗಡಿಯ ಬಾಗಿಲು ತೆರೆದು ಕೂತೆ. ಶ್ರದ್ಧಾಂಜಲಿಯ ಹಳೆಯ ಮಾದರಿಗಳು ಹತ್ತಾರಿದ್ದವು: ಕಮಲ, ದೀಪ, ಮೋಡದಿಂದ ಬೀಳುವ ಬೆಳಕು, ಬಂಗಾರದ ಅಂಚು. ಜೀವನ ಪೂರ್ತಿ ಬರಿಯ ದುಂಡು ಬರೆದವನ ಮುಖದ ಸುತ್ತ ಅದನ್ನೆಲ್ಲ ಹಚ್ಚಲು ನನ್ನ ಕೈ ಏಳಲಿಲ್ಲ. ಬಿಳಿ ಹಾಳೆ, ಅಪ್ಪನ ಫೋಟೊ, ಕೆಳಗೆ ಕಪ್ಪಗೆ ಅವನ ಹೆಸರು, ಅದರ ಕೆಳಗೆ 'ಭಾವಪೂರ್ಣ ಶ್ರದ್ಧಾಂಜಲಿ'. ನನ್ನ ಅಕ್ಷರ ಊರ ಮುಂದೆ ಬಂದದ್ದು ಹಾಗೆ.

ಅದು ಜನಕ್ಕೆ ಹಿಡಿಸಿತು. ಅದೇ ನನ್ನ ಕರ್ಮ. ಅಥಣಿ ರಸ್ತೆಯ ಮೂಲೆಯಲ್ಲಿ ಕಟ್ಟಿದ ಫ್ಲೆಕ್ಸ್ ನೋಡಿ, "ಭಾಳ ಗಂಭೀರ ಐತ್ರಿ, ಹಂಗ ಮಾಡಿ ಕೊಡ್ರಿ" ಎಂದು ಒಬ್ಬರು ಬಂದರು, ಆಮೇಲೆ ಹತ್ತು ಜನ ಬಂದರು. ಬಿಳಿ ಹಾಳೆ, ಕಪ್ಪು ಅಕ್ಷರ, ಫೋಟೊ. ಬಬಲೇಶ್ವರಕ್ಕೆ ಹೋಯಿತು, ಅರಕೇರಿಗೆ ಹೋಯಿತು. ಒಂದು ವರ್ಷ ಕಳೆಯುವುದರೊಳಗೆ ಆ ಅಕ್ಷರ ಕಂಡರೆ ಜನ ಚಪ್ಪಲಿ ಬಿಟ್ಟು ಕೈ ಮುಗಿಯುವ ಹಾಗಾಯಿತು. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರಲ್ಲ, ನಾನೇ ಮಾಡಿದ್ದು, ನಾನೇ ಉಂಡೆ. ಅಪ್ಪ ಕೇಳಿದ್ದು ದಾರಿ ತಪ್ಪದಂತೆ ಮಾಡುವ ಅಕ್ಷರ. ಬಸ್ಸಿನ ಮೇಲೆ, ದವಾಖಾನೆಯ ಬಾಗಿಲ ಮೇಲೆ ಇರಬೇಕಾದದ್ದು. ನಾನು ಅದನ್ನು ಮಸಣದ ದಾರಿಗೆ ಹಚ್ಚಿದ್ದೆ. ಬದುಕಿರುವವರ ಒಂದೇ ಒಂದು ಬೋರ್ಡಿನ ಮೇಲೆ ಅದನ್ನು ಏರಿಸಬೇಕೆಂದು ಹಟ ಹಿಡಿದೆ. ಎರಡು ವರ್ಷ ಬಂದವರಿಗೆಲ್ಲ ತೋರಿಸಿದೆ. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು.

ಕಡೆಗೆ ಒಬ್ಬ ಸಿಕ್ಕ. ಟಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರ, ನನ್ನ ವಯಸ್ಸಿನವನು. ಒಣದ್ರಾಕ್ಷಿಯನ್ನು ತನ್ನದೇ ಹೆಸರಿನ ಡಬ್ಬಿಯಲ್ಲಿ ಮಾರಬೇಕೆಂದು ಅವನ ಆಸೆ. ತನ್ನದೇ ಹೆಸರೆಂದರೆ ಅಪ್ಪನ ಹೆಸರು. ನಮ್ಮ ಕಡೆ ಹಾಗೇ, ದುಡಿಯುವವನು ಮಗ, ಡಬ್ಬಿಯ ಮೇಲೆ ತಲೆಗೆ ಪಟಗ ಸುತ್ತಿದ ಅಪ್ಪನ ಫೋಟೊ. ಮೊದಲು ಊರ ಕ್ರಾಸಿನಲ್ಲಿ ಒಂದು ದೊಡ್ಡ ಬ್ಯಾನರ್, ಆಮೇಲೆ ಡಬ್ಬಿ. ನಾನು ನನ್ನ ಅಕ್ಷರ ತೆಗೆದೆ.

"ಅಕ್ಕಾರ, ಇದು ಅದ ಅಲ್ಲೇನ್ರಿ?" ಎಂದು ಹಿಂದೆ ಸರಿದ.

"ಅಕ್ಷರಕ್ಕ ಸಾವು ಅಂಟಿರತದ ಏನ್ರಿ ಅಣ್ಣಾರ? ಬರ್ರಿ ಇಲ್ಲೆ" ಎಂದು ಅವನನ್ನು ರಸ್ತೆ ದಾಟಿಸಿ ಚಹಾದ ಅಂಗಡಿಯ ಮುಂದೆ ನಿಲ್ಲಿಸಿದೆ. ಬಾಗಿಲಿಗೆ ಎರಡು ಹಾಳೆ ಅಂಟಿಸಿದ್ದೆ, ಒಂದರಲ್ಲಿ ಬಂಗಾರದ ಅಕ್ಷರ, ಇನ್ನೊಂದರಲ್ಲಿ ನನ್ನದು. ಬಂಗಾರದ್ದನ್ನು ಕಣ್ಣು ಕಿರಿದು ಮಾಡಿ ನೋಡಿದ. ನನ್ನದನ್ನು ತಟ್ಟನೆ ಓದಿದ. "ಕರೆ ಐತಿ ಬಿಡ್ರಿ" ಎಂದು ಒಪ್ಪಿದ. ಆ ದಿನ ಮನೆಗೆ ಹೋಗಿ ಅವ್ವನಿಗೆ ಹೇಳಿದೆ, ಗೋಡೆಯ ಮೇಲಿದ್ದ ಅಪ್ಪನಿಗೂ ಹೇಳಿದೆ.

ಬ್ಯಾನರ್ ಬಹಳ ಚೆನ್ನಾಗಿತ್ತು, ಅಂತ ನನ್ನ ಲೆಕ್ಕ. ಬಿಳಿ ಹಿನ್ನೆಲೆ. ನಡುವೆ ದುಂಡನೆಯ ಚೌಕಟ್ಟಿನಲ್ಲಿ ಬೆಳೆಗಾರನ ಅಪ್ಪ, ಪಟಗ ಸುತ್ತಿದ ಅಜ್ಜನ ಮುಖ. ಎರಡೂ ಬದಿಗೆ ದ್ರಾಕ್ಷಿಯ ಗೊಂಚಲು ಇಳಿಬಿದ್ದಿತ್ತು. ಕೆಳಗೆ ಅಜ್ಜನ ಹೆಸರು, ಅದರ ಕೆಳಗೆ ಸಣ್ಣದಾಗಿ ಮಾಲಿನ ವಿಷಯ. ಕಟ್ಟಿ ಬಂದೆವು. ಮರುದಿನ ಬೆಳಗ್ಗೆ ಬೆಳೆಗಾರನ ಫೋನು. ಅವನ ಮಾತಿಗಿಂತ ಹಿಂದಿನ ಗದ್ದಲವೇ ಹೆಚ್ಚು ಕೇಳುತ್ತಿತ್ತು.

ನಡೆದದ್ದು ಇಷ್ಟು. ಹಿಂದಿನ ಸಂಜೆ ಅಥಣಿ ಕಡೆಯ ಬಸ್ಸಿನಲ್ಲಿ ಹೋಗುತ್ತಿದ್ದ ಅವರ ನೆಂಟನೊಬ್ಬ ಕಿಟಕಿಯಿಂದ ಬ್ಯಾನರ್ ನೋಡಿದ. ಬಿಳಿ ಹಾಳೆ, ಅಜ್ಜನ ಫೋಟೊ, ಹಾರದಂತೆ ಇಳಿಬಿದ್ದ ಗೊಂಚಲು, ಆ ಅಕ್ಷರ. ಅವನು ಓದಲೇ ಇಲ್ಲ. ಓದುವ ಅಗತ್ಯವೇ ಬೀಳಲಿಲ್ಲ, ಅಕ್ಷರದ ರೂಪ ಕಂಡೊಡನೆ ಅವನಿಗೆ ಸುದ್ದಿ ತಿಳಿದುಹೋಗಿತ್ತು. ಬಸ್ಸಿನಿಂದಲೇ ನಾಲ್ಕು ಕಡೆ ಫೋನು ಮಾಡಿದ. ಅರಕೇರಿಯಿಂದ ಜನ ಹೊರಟರು. ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲವೆಂದು ಕಾಖಂಡಕಿಯಲ್ಲಿದ್ದ ಅವರ ಬೀಗರು ಬೆಳಗಾಗುವುದರೊಳಗೆ ರೊಟ್ಟಿ, ಬ್ಯಾಳಿ, ಅನ್ನ ಮಾಡಿ ಬುತ್ತಿ ಕಟ್ಟಿಕೊಂಡು ಜೀಪು ಮಾಡಿಕೊಂಡು ಬಂದರು. ಹೆಣ್ಣುಮಕ್ಕಳು ಓಣಿಯ ತುದಿಯಿಂದಲೇ ಅಳುತ್ತಾ ಬಂದರಂತೆ. ಅಜ್ಜ ಕಟ್ಟೆಯ ಮೇಲೆ ಕೂತು ಹಲ್ಲುಜ್ಜುತ್ತಿದ್ದ.

"ನಗತೀರಿ ಏನ್ರಿ?" ಎಂದ ಫೋನಿನಲ್ಲಿ ಬೆಳೆಗಾರ. ನಾನು ನಗುತ್ತಿರಲಿಲ್ಲ. ಮಧ್ಯಾಹ್ನ ಅಂಗಡಿಗೇ ಬಂದು ಮೇಜಿನ ಮೇಲೆ ಬ್ಯಾನರಿನ ಸುರುಳಿ ಎಸೆದ. "ನಮ್ಮ ಅಪ್ಪಂದು ಆಯುಷ್ಯ ಕಡಿಮಿ ಮಾಡಿದ್ರಿ ನೀವು. ಬಂಗಾರದ್ದ ಹಾಕ್ರಿ. ಸೂರ್ಯಾನೂ ಹಾಕ್ರಿ." ಹಾಕಿದೆ. ಉಬ್ಬಿಸಿದೆ, ನೆರಳು ಕೊಟ್ಟೆ, ಮಿಂಚು ಕೊಟ್ಟೆ, ಸೂರ್ಯನನ್ನು ಹುಟ್ಟಿಸಿದೆ. ನನ್ನ ಕೈಯಿಂದಲೇ. ಅವನು ಹೋದ ಮೇಲೆ 'ಬಳೆ' ಕಡತವನ್ನು ಅಳಿಸಿ ಹಾಕಲು ಹೊರಟೆ. ಅಳಿಸಲೇ ಎಂದು ಕಂಪ್ಯೂಟರ್ ಕೇಳಿತು. ಬೇಡ ಎಂದು ಒತ್ತಿ, ಬಾಗಿಲು ಹಾಕಿಕೊಂಡು ಮನೆಗೆ ಹೋದೆ. ಅಷ್ಟು ಸಿಟ್ಟು ನನಗೆ ಅಪ್ಪ ಸತ್ತಾಗಲೂ ಬಂದಿರಲಿಲ್ಲ.

ಎಂಟು ದಿನಗಳ ನಂತರ ಬೆಳಗ್ಗೆ ಅಂಗಡಿ ತೆಗೆಯುತ್ತಿದ್ದಂತೆ ಒಬ್ಬ ಮುದುಕ ಬಂದು ಅಪ್ಪನ ಕುರ್ಚಿಯ ಮೇಲೆ ಕೂತ. ಪಟಗ, ದೋತರ, ಕೈಯಲ್ಲಿ ಪ್ಲಾಸ್ಟಿಕ್ ಚೀಲ. ಆ ಮುಖವನ್ನು ನಾನು ಒಂದು ವಾರ ಪರದೆಯ ಮೇಲೆ ದುಂಡಗೆ ಕತ್ತರಿಸಿದ್ದೆ, ಗುರುತು ಹತ್ತದೆ ಇರುತ್ತದೆಯೇ?

"ನನ್ನ ಕೊಂದಾಕಿ ನೀನ ಏನ ಯವ್ವಾ?" ಎಂದ.

"ತಪ್ಪಾತ್ರಿ ಅಜ್ಜಾರ" ಎಂದು ಕೈ ಮುಗಿದೆ.

"ಏನ್ ತಪ್ಪು? ನನ್ನ ಸಾವಿನ ಬುತ್ತಿ ನಾನ ಉಂಡೆ. ರೊಟ್ಟಿ ಮೆತ್ತಗ ಇದ್ದೂ. ಅಳಾಕ ಬಂದವರು ಯಾರು, ಬರಲಾರದವರು ಯಾರು, ಅದೂ ಗೊತ್ತಾತು." ತನ್ನ ಮಾತಿಗೆ ತಾನೇ ನಕ್ಕ. ಆಮೇಲೆ ತಾನು ಬಂದ ಕಾರಣ ಹೇಳಿದ. ಬ್ಯಾನರ್ ಕಟ್ಟಿದ್ದು ಅವರ ಮನೆಯ ಕಟ್ಟೆಗೆ ಕಾಣುವ ಕ್ರಾಸಿನಲ್ಲಿ. ಬಸ್ಸಿನಲ್ಲಿದ್ದ ನೆಂಟ ನೋಡುವ ಮೊದಲೇ ಅಜ್ಜ ಅದನ್ನು ನೋಡಿದ್ದ. "ಚಷ್ಮಾ ಇಲ್ದ ಓದಿದೆ ತಂಗಿ. ನನ್ನ ಹೆಸರ ಓದಿದೆ. ಎಷ್ಟು ವರ್ಷಾಗಿತ್ತು, ರಸ್ತೆದಾಗಿನ ಬರಹ ಓದಿ. ಈಗ ಬಂಗಾರದ್ದು ಕಟ್ಟ್ಯಾರ, ಸೂರ್ಯಾ ಒಬ್ಬ ಕಾಣತಾನ."

ಅಜ್ಜ ಚೀಲದಿಂದ ಮೂರು ಡಬ್ಬಿ ತೆಗೆದು ಮೇಜಿನ ಮೇಲಿಟ್ಟ. ಮಗ ಒಣದ್ರಾಕ್ಷಿಗೆಂದು ತಂದಿಟ್ಟ, ಇನ್ನೂ ಹೆಸರು ಹಚ್ಚದ ಡಬ್ಬಿಗಳು. ಒಳಗೆ ಗುಳಿಗೆ. ಶುಗರಿನದು, ಬಿಪಿಯದು, ಇನ್ನೊಂದು ಯಾವುದೋ. ಸೊಸೆ ಮೇಲೆ ಪೆನ್ನಿನಿಂದ ಬರೆದಿದ್ದಳು, ಅವನಿಗೆ ಕಾಣುತ್ತಿರಲಿಲ್ಲ. ಮನೆಯವರೆಲ್ಲ ಹೊಲಕ್ಕೆ ಹೋದ ಹೊತ್ತಿನಲ್ಲಿ ಒಂದೇ ಗುಳಿಗೆ ಎರಡು ಸಲ ನುಂಗಿ ಹಿತ್ತಲಲ್ಲಿ ಬಿದ್ದಿದ್ದನಂತೆ. "ಮಗಗ ಹೇಳಿಲ್ಲ. ಹೇಳಿದ್ರ ಒಬ್ಬನ್ನ ಕಾಯಾಕ ಇಡತಾನ. ನೀ ಇದರ ಮ್ಯಾಲ ಆ ಅಕ್ಷರ ಹಚ್ಚಿ ಕೊಡು. ಮುಂಜಾನಿದು, ಮಧ್ಯಾನದ್ದು, ರಾತ್ರೀದು."

ಸ್ಟಿಕ್ಕರ್ ಕತ್ತರಿಸುವ ಯಂತ್ರಕ್ಕೆ ಮೂರು ಪದ ಕೊಟ್ಟೆ. ಮುಚ್ಚಳದಷ್ಟು ಅಗಲ, ಬಿಳಿಯ ಮೇಲೆ ಕಪ್ಪು. ಡಬ್ಬಿಗಳಿಗೆ ಅಂಟಿಸಿ, ಅವನ ಮಂಚದಿಂದ ಡಬ್ಬಿ ಇಡುವ ಗೋಡೆಯ ಗೂಡಿಗೆ ಎಷ್ಟು ದೂರವೆಂದು ಕೇಳಿ, ಅಷ್ಟೇ ದೂರದಲ್ಲಿ ನಿಂತು ಎತ್ತಿ ಹಿಡಿದೆ.

"ಮುಂಜಾನೆ" ಎಂದ, ತಟ್ಟನೆ. ಎರಡನೆಯದು ಹಿಡಿದೆ. ಸ್ವಲ್ಪ ತಡೆದು, "ರಾತ್ರಿ ಇರಬೇಕು" ಎಂದ. ಮೂರನೆಯದು ಹಿಡಿದೆ. ಕತ್ತು ಮುಂದೆ ಚಾಚಿದ, ಕಣ್ಣು ಒರೆಸಿಕೊಂಡ. "ಮ್ಯಾಲಿಂದು ಕಾಣತೈತಿ. ಕೆಳಗ ಏನೋ ಹುಳ ಹರದಂಗ ಐತಿ. ಅದೇನದು?"

ಕೆಳಗೆ ಇದ್ದದ್ದು ನನ್ನ ಒತ್ತುಗಳು. ಉಂಗುರದಷ್ಟು ಸಣ್ಣ ಮಾಡಿ, ಸಾಲು ಕೆಡಬಾರದೆಂದು ಮೇಲಕ್ಕೆ ಅಂಟಿಸಿದ ಒತ್ತುಗಳು. ಇಷ್ಟು ವರ್ಷ ಊರಿನ ಕಣ್ಣು ಸರಿಯಿಲ್ಲ, ಊರಿಗೆ ರುಚಿಯಿಲ್ಲ ಎಂದು ಬೈದುಕೊಂಡು ತಿರುಗಿದ್ದೆ. ಅಂದಾಜಿನ ಮೇಲೆ ಓದಿಕೊಳ್ಳಿ ಎಂದು ಅಜ್ಜನಿಗೆ ಹೇಳುವ ಹಾಗೂ ಇರಲಿಲ್ಲ, ಅಂದಾಜು ಮಾಡಿಯೇ ಅವನು ಹಿತ್ತಲಲ್ಲಿ ಬಿದ್ದಿದ್ದ.

"ಅಜ್ಜಾರ, ಒಂದ ತಾಸು ಕುಂದರತೀರೇನ್ರಿ?" ಎಂದೆ. ಚಹಾ ತರಿಸಿಕೊಟ್ಟು, ಮೊಳೆಯ ಬಳಿ ಹೋದೆ. ಅವ್ವ ಈಗ ಬಳೆ ಹಾಕುವುದಿಲ್ಲ, ನಮ್ಮ ಮನೆಯ ಬಳೆ ಎಂದರೆ ಈ ಮೊಳೆಯ ಮೇಲಿನವೇ. ಹಿಂದುಗಡೆ ಧೂಳು ಹಿಡಿದು ಕೂತಿದ್ದ ಕೂಸಿನ ಬಳೆಯನ್ನು ತೆಗೆದು ಸೆರಗಿನಿಂದ ಒರೆಸಿ ಸ್ಕ್ಯಾನರಿನ ಮೇಲಿಟ್ಟೆ. ಅದರ ದುಂಡಿನಿಂದ ಯ ಒತ್ತು, ನ ಒತ್ತು, ರ ಒತ್ತು ಮಾಡಿದೆ. ಅವು ಕೆಳಗೆ ಇಳಿದವು, ಸಾಲು ಕೆಟ್ಟಿತು. ಕೆಡಲಿ ಎಂದು ಬಿಟ್ಟೆ. ಸ್ಟಿಕ್ಕರ್ ಮತ್ತೆ ಕತ್ತರಿಸಿ, ಹಳೆಯದನ್ನು ಕಿತ್ತು, ಹೊಸದು ಅಂಟಿಸಿ, ಡಬ್ಬಿಗಳನ್ನು ಹಿಂದೆ ಮುಂದೆ ಮಾಡಿ ಹಿಡಿದೆ.

"ರಾತ್ರಿ" ಎಂದ ಅಜ್ಜ. "ಮುಂಜಾನೆ." ಮೂರನೆಯದನ್ನೂ ಅಷ್ಟೇ ಬೇಗ ಓದಿದ. "ಮಧ್ಯಾಹ್ನ. ಏ ಯವ್ವಾ, ಇದು ಮೊದಲ ಮಾಡಾಕ ಏನಾಗಿತ್ತು ನಿನಗ?"

ಹಣ ಬೇಡವೆಂದೆ. ಅವನು ಕೇಳಲಿಲ್ಲ, ಚೀಲದ ತಳದಿಂದ ಒಂದು ಹಿಡಿ ಒಣದ್ರಾಕ್ಷಿ ತೆಗೆದು ಮೇಜಿನ ಮೇಲಿಟ್ಟು ಬಸ್ಸಿಗೆ ಹೋದ. ಬದುಕಿರುವವರ ಬೋರ್ಡು ಬೇಕೆಂದು ಹಟ ಹಿಡಿದವಳಿಗೆ ಸಿಕ್ಕಿದ್ದು ಮೂರು ಡಬ್ಬಿ, ಮೂರು ಪದ. ಅದರ ಮಾತೂ ಯಾರಿಗೂ ಹೇಳುವ ಹಾಗಿಲ್ಲ, ಮಗನಿಗೆ ತಿಳಿಯಬಾರದು. ಅಷ್ಟರಲ್ಲೇ ಬಾಗಿಲಲ್ಲಿ ಯಾರೋ ಚಪ್ಪಲಿ ಬಿಟ್ಟರು. "ಅಕ್ಕಾರ, ನಮ್ಮ ಆಯಿ ಹೋಗ್ಯಾಳ್ರಿ. ಆ ಅಕ್ಷರ..." ಕುಂದರ್ರಿ ಎಂದೆ.

ಅವರು ಹೋದ ಮೇಲೆ ಕಪಾಟಿನ ಮೇಲಿಂದ ಅಪ್ಪನ ಫ್ಲೆಕ್ಸಿನ ಸುರುಳಿ ಇಳಿಸಿದೆ. ಅದನ್ನು ಬಿಚ್ಚಿ ನೋಡಿ ಮೂರು ವರ್ಷವಾಗಿತ್ತು. ಅಂಗಡಿಯ ಬಾಗಿಲಿಗೆ ಕಟ್ಟಿ, ರಸ್ತೆ ದಾಟಿ, ಅಪ್ಪ ಕೂರುತ್ತಿದ್ದ ಚಹಾದ ಅಂಗಡಿಯ ಬೆಂಚಿನ ಮೇಲೆ ಕೂತೆ. ನನಗೂ ಈಗ ನಲವತ್ತಾರು, ದೂರದ್ದು ಸ್ವಲ್ಪ ಮಂಜು. ಲಾರಿಯೊಂದು ದಾಟಿ ಹೋಗಲಿ ಎಂದು ಕಾದು ನೋಡಿದೆ. ಹೆಸರು ಚೆನ್ನಾಗಿ ಕಾಣುತ್ತಿತ್ತು. ಅದರ ಕೆಳಗೆ 'ಶ್ರದ್ಧಾಂಜಲಿ'ಯಲ್ಲಿ ಒತ್ತಿನ ಪಕ್ಕ ಒತ್ತು, ಎರಡೂ ಹುಳ ಹರಿದಂತೆ. ಅಪ್ಪನಿಗೆ ಓದಲು ಬಾರದ ಅಕ್ಷರದಲ್ಲೇ ನಾನು ಅಪ್ಪನನ್ನು ಕಳಿಸಿಕೊಟ್ಟಿದ್ದೆ.